ತೊಳೆದ ತೋಟಾಗಳು

ಬಟ್ಟೆ ಒಗೆಯುವ ಕಲ್ಲಿನವರೆಗೆ ಬಿಸಿಲು ಬರುವುದನ್ನೇ ಕಾದಿದ್ದ ಪದ್ಮಶ್ರೀ, ಬಂದೊಡನೆ ಅದರ ಮೇಲೆ ಬಿಳಿಯ ಬಟ್ಟೆಯ ತುಂಡೊಂದನ್ನು ಹಾಸಿ, ಅಪ್ಪನ ಚರ್ಮದ ಪಟ್ಟಿಯಿಂದ ತೋಟಾಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿ ಮಲಗಿಸಿದಳು. ಒಂದಕ್ಕೊಂದು ತಾಗಿ ಸದ್ದಾಗಬಾರದೆಂದು ನಡುವೆ ಬೆರಳಗಲ ಜಾಗ ಬಿಟ್ಟಳು. ಬಚ್ಚಲಲ್ಲಿ ಅಪ್ಪ ಸ್ನಾನ ಮಾಡುತ್ತಿದ್ದ. ಚೊಂಬು ಬಕೆಟ್ಟಿಗೆ ತಾಗುವ ಸದ್ದು ನಿಂತಾಗಲೆಲ್ಲ ಅವಳ ಕೈಯೂ ನಿಲ್ಲುತ್ತಿತ್ತು, ನೀರು ಸುರಿದಾಗ ಮತ್ತೆ ಮುಂದುವರಿಯುತ್ತಿತ್ತು. ಒಳಗೆ ಅಮ್ಮ ಮುನಿಯಲ್ಲಮ್ಮ ಒಗ್ಗರಣೆ ಹಾಕುತ್ತಿದ್ದಳು. ತೋಟಾಗಳು ಹಬ್ಬದ ದಿನದ ದೀಪದ ಕಂಬಗಳ ಹಾಗೆ ಹೊಳೆಯುತ್ತಿದ್ದವು. ಹೋದ ವಾರದವರೆಗೆ ಈ ಹೊಳಪನ್ನು ನೋಡಿದರೆ ಅವಳಿಗೆ ಒಳಗೊಳಗೇ ಹಿಗ್ಗಾಗುತ್ತಿತ್ತು. ಈಗ ಒಂದನ್ನೆತ್ತಿ, ಕಣ್ಣಿನ ಹತ್ತಿರ ಹಿಡಿದು, ಬಿಸಿಲಿಗೆ ಓರೆ ಮಾಡಿ ನಿಧಾನವಾಗಿ ತಿರುಗಿಸಿದಳು. ಹಿತ್ತಾಳೆಯ ಮೈ, ಮೇಲೆ ಸಪೂರವಾದ ಕತ್ತು, ಕತ್ತಿನಿಂದ ಹೊರಗೆ ಇಣುಕುವ ಗುಂಡು. ಕತ್ತಿನ ಸುತ್ತ ಅಡ್ಡಡ್ಡ ಗೆರೆಗಳಿದ್ದವು. ಅವು ತನ್ನವೇ ಎಂದು ಗೊತ್ತಾಯಿತು. ಬೂದಿಯ ಹರಳು, ಹುಣಸೆಯ ನಾರು ಉಜ್ಜಿದ ಗುರುತು. ಅಡ್ಡ ಗೆರೆಗೆ ಹೆದರಬೇಡ, ಉದ್ದ ಗೆರೆ ನೋಡು ಎಂದಿದ್ದರು ಬಂದೂಕು ರಿಪೇರಿಯ ತಾಜುದ್ದೀನ್ ಸಾಬರು. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಅದು ಸಿಕ್ಕಿತು. ಕೂದಲಿಗಿಂತ ತೆಳುವಾಗಿ, ಕತ್ತಿನ ಅಂಚಿನಿಂದ ಕೆಳಕ್ಕೆ ಇಳಿದಿತ್ತು. ಅದರ ಮೇಲೆ ಉಗುರು ಎಳೆದು ನೋಡಿದಳು. ಗೀರಾಗಿದ್ದರೆ ಉಗುರು ಜಾರುತ್ತಿತ್ತು. ಇದು ಉಗುರನ್ನು ಹಿಡಿಯಿತು, ಬಿರುಕೇ.

ಅವಳ ಕಣ್ಣಿಗೆ ಇಂಥದ್ದು ಹೊಸತಲ್ಲ. ಅಕ್ಕಪಕ್ಕದವರ ಸೀರೆಗಳಿಗೆ ಫಾಲ್ ಹಚ್ಚುವಾಗ ಮೊದಲು ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿದು ನೋಡುವುದು ಅವಳ ಅಭ್ಯಾಸ. ಎಳೆ ಜಗ್ಗಿದ್ದರೆ ಒಂದು ಥರ ಕಾಣುತ್ತದೆ, ಹರಿಯಲು ಹೊರಟಿದ್ದರೆ ಇನ್ನೊಂದು ಥರ. ಸೀರೆಯಾದರೆ ಒಂದು ಹೊಲಿಗೆ ಹಾಕಿದರೆ ಮುಗಿಯಿತು. ಬಿರುಕುಬಿಟ್ಟ ತೋಟಾವನ್ನು ಹೊಡೆದರೆ ಮುಂದೆ ಹೋಗಬೇಕಾದ ಬೆಂಕಿ ಹಿಂದಕ್ಕೂ ನುಗ್ಗಬಹುದು, ಹೊಡೆದವನ ಕಣ್ಣಿಗೆ. ಸಾಬರು ಇದನ್ನು ಹೇಳುವಾಗ ತಮ್ಮ ಕಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದ್ದರು. ಅವಳು ಆ ತೋಟಾವನ್ನು ಬಟ್ಟೆಯ ಅಂಚಿಗೆ ಸರಿಸಿದಳು. ಇನ್ನೊಂದರ ಗುಂಡನ್ನು ಎರಡು ಬೆರಳಲ್ಲಿ ಹಿಡಿದರೆ ಸಡಿಲವಾದ ಬಾಟಲಿ ಮುಚ್ಚಳದ ಹಾಗೆ ಸುಮ್ಮನೆ ತಿರುಗಿತು. ಅದೂ ಅಂಚಿಗೆ ಹೋಯಿತು. ಮತ್ತೊಂದರ ತಳದಲ್ಲಿ, ಬಂದೂಕಿನ ಮೊಳೆ ಬಂದು ಬಡಿಯುವ ಪುಟ್ಟ ಬಟ್ಟಲಿನ ಸುತ್ತ, ತನ್ನ ಹೆಬ್ಬೆರಳು ತಲುಪದ ಸಂದಿಯಲ್ಲಿ, ಹಸಿರು ಕಿಲುಬು ಉಂಗುರದ ಹಾಗೆ ಉಳಿದಿತ್ತು. ಅದನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಕಿಲುಬು ಉಳಿಯಿತಲ್ಲ ಎಂದು ಮೊದಲು ನಾಚಿಕೆ, ಆಮೇಲೆ ಹಾಗೆ ನಾಚಿಕೆಪಟ್ಟಿದ್ದಕ್ಕೆ. ಬಚ್ಚಲ ಬಾಗಿಲಿನ ಚಿಲಕ ಸರಿದ ಸದ್ದಾಯಿತು. ಮೂರನ್ನೂ ದಾರದ ಉಂಡೆಗಳಿದ್ದ ಬಿಸ್ಕತ್ತಿನ ಡಬ್ಬದೊಳಗೆ ಇಳಿಬಿಟ್ಟು, ಉಳಿದವನ್ನು ಪಟ್ಟಿಗೆ ತುಂಬಿ, ಅಪ್ಪನ ಶರಟು ಪ್ಯಾಂಟಿನ ಪಕ್ಕ ಮಂಚದ ಮೇಲೆ ಇಟ್ಟಳು. ಪಟ್ಟಿಯಲ್ಲಿ ಮೂರು ಕಿಂಡಿಗಳು ಖಾಲಿ ಉಳಿದವು, ಹಲ್ಲು ಬಿದ್ದ ಬಾಯಿಯ ಹಾಗೆ. ಅಪ್ಪ ಈಗ ಕೇಳುತ್ತಾನೆ. ಕೇಳಿದರೆ ಹೇಳಿಬಿಡಬೇಕು ಎಂದುಕೊಂಡು ಬಾಗಿಲ ಹತ್ತಿರವೇ ನಿಂತಳು. ಬ್ಯಾಟರಾಯಪ್ಪ ತಲೆ ಒರೆಸಿಕೊಂಡು ಬಂದು, ಇಸ್ತ್ರಿ ಮಾಡಿದ ಯೂನಿಫಾರ್ಮು ಹಾಕಿಕೊಂಡು, ಪಟ್ಟಿಯನ್ನು ಹೆಗಲಿಂದ ಅಡ್ಡಕ್ಕೆ ಇಳಿಬಿಟ್ಟ. ಅವನ ಬೆರಳುಗಳು ದಿನದಂತೆ ತೋಟಾಗಳ ಮೇಲೆ ಒಂದು ಸಲ ಹರಿದವು. ಖಾಲಿ ಕಿಂಡಿಗಳ ಮೇಲೂ ಹರಿದವು, ಅಲ್ಲಿ ನಿಲ್ಲಲಿಲ್ಲ.

"ಚಿತ್ರಾನ್ನಕ್ಕೆ ಕಡ್ಲೆಬೀಜ ಆಕಿದ್ದೀಯಾ?" ಎಂದು ಅವನು ಅಡುಗೆಮನೆಯ ಕಡೆ ಕೂಗಿದ.

"ಆಕದೇ ಇದ್ರೆ ತಿನ್ನಲ್ವಾ?" ಅಂದಳು ಮುನಿಯಲ್ಲಮ್ಮ. "ಬಿಪಿ ಮಾತ್ರೆ ತಗೊಂಡ್ರಾ ಮೊದ್ಲು? ಪದ್ಮಾ, ನೀನೂ ಜೊತೇಲಿ ಓಗು. ಇವ್ರು ಬಿಸಿಲಲ್ಲಿ ತಲೆ ಸುತ್ತಿ ಬಿದ್ರೆ ಬಂದೂಕ ಹಿಡ್ಕೊಳ್ಳೋಕಾದ್ರೂ ಒಬ್ರು ಬೇಕು."

"ಬಂದೂಕ ಹಿಡ್ಕೊಳ್ಳೋಕೆ ಲೈಸೆನ್ಸ್ ಬೇಕು ಕಣೇ. ನನ್ನ ಹಿಡ್ಕೊಳ್ಳೋಕೆ ಬರ್ತಾಳೆ ಅನ್ನು."

ತಟ್ಟೆಯ ಮುಂದೆ ಕುಳಿತು ಪದ್ಮಶ್ರೀ ಎರಡು ಸಲ ಬಾಯಿ ತೆರೆದಳು. ಅಪ್ಪಾ, ಆ ಮೂರು ನನ್ನ ಹತ್ತಿರ ಇವೆ ಎನ್ನುವುದು ಎಷ್ಟು ಸಣ್ಣ ಮಾತು. ಆದರೆ ಅದರ ಹಿಂದೆ ಇನ್ನೊಂದು ಬರುತ್ತದೆ, ಅದರ ಹಿಂದೆ ಮತ್ತೊಂದು. ಕೊನೆಗೆ ಉಳಿಯುವುದು, ನೀನು ಇಷ್ಟು ವರ್ಷ ಬ್ಯಾಂಕಿನ ಬಾಗಿಲಲ್ಲಿ ಎದೆ ಸೆಟೆಸಿ ನಿಂತಿದ್ದು ಹಾರುತ್ತವೋ ಇಲ್ಲವೋ ಗೊತ್ತಿಲ್ಲದ ತೋಟಾಗಳನ್ನು ಕಟ್ಟಿಕೊಂಡು, ಹಾಗೆ ಮಾಡಿದವಳು ನಾನು ಅನ್ನುವುದು. ಬ್ಯಾಂಕಿಗೆ ಬಂದ ಮುದುಕಿಯರು ಅವನನ್ನು ನೋಡಿ, ಬ್ಯಾಟರಾಯಪ್ಪ ಇದ್ದರೆ ಧೈರ್ಯ ಎನ್ನುತ್ತಿದ್ದರಂತೆ. ಮನೆಗೆ ಬಂದು ಅವನು ಅದನ್ನು ನಗುತ್ತ ಹೇಳುತ್ತಿದ್ದ. ಇವತ್ತು ಬಾಗಲೂರಿನ ಆಚೆಯ ಹಳೆಯ ಕಲ್ಲುಗಣಿಯಲ್ಲಿ ಸೆಕ್ಯುರಿಟಿ ಏಜೆನ್ಸಿಯವರು ತಮ್ಮ ಗಾರ್ಡುಗಳಿಂದ ಗುಂಡು ಹೊಡೆಸುತ್ತಾರೆ. ಮೂರು ಗುಂಡು ಹಾರಬೇಕು. ಹಾರದಿದ್ದರೆ ಬಂದೂಕು ಅನ್‌ಫಿಟ್, ಅವನು ಬ್ಯಾಂಕಿನ ಬಾಗಿಲು ಬಿಟ್ಟು ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೀಟಿ ಊದಿಕೊಂಡು ಕಾರುಗಳಿಗೆ ದಾರಿ ಬಿಡಿಸಬೇಕು. "ಸೀಟಿ ಊದೋದ್ ಕಲಿಯೋಕೆ ಮಿಲಿಟ್ರಿಗೋದ್ನಾ ನಾನು?" ಎಂದು ಅವನು ವಾರದಿಂದ ಹತ್ತು ಸಲ ಹೇಳಿದ್ದಾನೆ, ಪ್ರತಿ ಸಲವೂ ಹೊಸ ಜೋಕಿನ ಹಾಗೆ. ಅವಳು ಅನ್ನ ಕಲಸಿದಳು. ಬಾಯಿ ತೆರೆದದ್ದಕ್ಕೆ ಒಂದು ತುತ್ತು ಹಾಕಿಕೊಂಡಳು.

ಸ್ಕೂಟರು ಜಕ್ಕೂರಿನ ಹಳೆಯ ಓಣಿಗಳನ್ನು ದಾಟಿ ರಸ್ತೆಗೆ ಬಂದಾಗ ಕೆರೆಯ ಮೇಲೆ ಇನ್ನೂ ಮಂಜಿತ್ತು, ಮಂಜಿನ ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಹೊಲಿಗೆ ಮಿಷನ್ನಿನ ಹಾಗೆ ಸದ್ದು ಮಾಡುತ್ತಿತ್ತು. ಅವರಿಬ್ಬರ ನಡುವೆ ಗವಸು ಹಾಕಿದ ಬಂದೂಕು. ಅವಳ ಕೆನ್ನೆಗೆ ಅಪ್ಪನ ಬೆನ್ನಿನ ಇಸ್ತ್ರಿಯ ವಾಸನೆ ಬಡಿಯುತ್ತಿತ್ತು, ಅದರೊಳಗೆ ಚರ್ಮದ ಪಟ್ಟಿಯ ವಾಸನೆ. ಚರ್ಮ ಹದ ಮಾಡುವ ಹುಳಿಯಿದೆಯಲ್ಲ, ಅದು ಹಿತ್ತಾಳೆಯನ್ನು ಕೂತಲ್ಲೇ ತಿನ್ನುತ್ತದೆ ಎಂದಿದ್ದರು ಸಾಬರು. ಹೋದ ವಾರ ಆರ್.ಟಿ. ನಗರದ ಗಲ್ಲಿಯಲ್ಲಿ ಸ್ಕೂಟರು ನಿಲ್ಲಿಸಲು ಜಾಗ ಸಿಗದೆ ಅಪ್ಪ ಅವಳನ್ನು ಬಂದೂಕು ರಿಪೇರಿಯ ಅಂಗಡಿಯೊಳಗೆ ಕೂರಿಸಿ ಹೋಗಿದ್ದ. ಏಜೆನ್ಸಿಯ ಬಂದೂಕುಗಳನ್ನೆಲ್ಲ ನೋಡಿಕೊಳ್ಳುವ ತಾಜುದ್ದೀನ್ ಸಾಬರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಬಂದೂಕನ್ನು ಬಿಟ್ಟು ಪಟ್ಟಿಯನ್ನು ಎತ್ತಿಕೊಂಡರು. ಒಂದು ತೋಟಾ ತೆಗೆದರು. ಅದರ ತಳದ ಅಂಚಿನ ತೋಡಿನಲ್ಲಿ ಸೂಜಿ ಹಾಕಿ ಕೆದಕಿದಾಗ ಕಂದು ಬಣ್ಣದ ಒಣಗಿದ ಚೂರೊಂದು ಗಾಜಿನ ಮೇಲೆ ಉದುರಿತು. ಅವರು ಅದನ್ನು ಬೆರಳಿಗೆ ಅಂಟಿಸಿಕೊಂಡು ಮೂಸಿದರು. "ಇದು ಮದ್ದಲ್ಲ," ಅಂದರು. "ಇದು ಹುಣಸೆಹಣ್ಣು. ಯಾರಮ್ಮಾ ತೊಳೆದಿದ್ದು?" ಅವಳು ನೆಲ ನೋಡಿದಳು. ನೆಲದ ಮೇಲೆ ಕಬ್ಬಿಣದ ಪುಡಿ ಇತ್ತು, ಅದರಲ್ಲಿ ತನ್ನ ಚಪ್ಪಲಿಯ ಗುರುತು. ನಾನು ಎಂದು ಹೇಳಿದ್ದು ತನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತ್ತು.

"ಪ್ರತೀ ಆಯುಧಪೂಜೆಗಾ?"

ಅವಳು ತಲೆಯಾಡಿಸಿದಳು.

"ಅರೆ ಬೇಟಿ," ಎಂದು ಅವರು ನಕ್ಕರು. ನಗು ಕೆಟ್ಟದಾಗಿರಲಿಲ್ಲ. "ನಮ್ಮನೇಲಿ ಸೊಸೆ ಮಲ್ಕಾ ಇದ್ದಾಳೆ. ನಲವತ್ತು ವರ್ಷದ ದೋಸೆ ಹಂಚು, ನಮ್ಮ ಅಮ್ಮಂದು, ಬಂದ ಮೊದಲ್ನೇ ದಿನಾನೇ ಸೋಪ್ ಹಾಕಿ ತಿಕ್ಕಿ ಬೆಳ್ಳಗೆ ಮಾಡಿಟ್ಲು. ಪಾಪ, ಒಳ್ಳೇದೇ ಮಾಡ್ದೆ ಅನ್ಕೊಂಡ್ಲು. ಆರ್ ತಿಂಗಳು ನಮಗೆ ದೋಸೆ ಇಲ್ಲ." ಆಮೇಲೆ ಡ್ರಾಯರಿನಿಂದ ಒಂದು ತೋಟಾ ತೆಗೆದು ಅವಳ ಅಂಗೈಯಲ್ಲಿಟ್ಟರು. ಹಳೆಯ ಬೆಲ್ಲದ ಬಣ್ಣ, ಹೊಳಪೇ ಇಲ್ಲ. "ಇದು ಚೆನ್ನಾಗಿರೋದು. ಕಂದಾದ್ರೆ ಭಯ ಇಲ್ಲ, ವಯಸ್ಸಾಗಿದೆ ಅಷ್ಟೇ. ಹಸಿರಾದ್ರೆ ಒಳಗೆ ಏನೋ ಆಗ್ತಾ ಇದೆ ಅಂತ ಅದು ಹೇಳ್ತಾ ಇದೆ. ನೀನು ಅದರ ಬಾಯಿ ಮುಚ್ಚಿಸಿದ್ದೀಯ. ಈಗ ಒಳ್ಳೇದೂ ಹೊಳೀತದೆ, ಕೆಟ್ಟದ್ದೂ ಹೊಳೀತದೆ. ನಾನು ಹೆಂಗೆ ಕಂಡು ಹಿಡೀಲಿ ಹೇಳು?" ಹಾಗೆ ಕೇಳಿದವರೇ ಒಂದೊಂದನ್ನು ಹೇಗೆ ನೋಡಬೇಕೆಂದು ತೋರಿಸಿದರು. ಕತ್ತಿನ ಉದ್ದ ಗೆರೆ, ಸಡಿಲ ಗುಂಡು, ತಳದ ಹಸಿರು. ಬೆಳಗಿನ ಓರೆ ಬಿಸಿಲಲ್ಲಿ ನೋಡು, ಟ್ಯೂಬ್‌ಲೈಟಲ್ಲಿ ಸುಳ್ಳು ಕಾಣ್ತದೆ ಎಂದರು. ಕಸಕ್ಕೆ ಎಸೀಬೇಡ, ನನಗೆ ತಂದುಕೊಡು ಎಂದರು. ಅವಳ ಜೀವನದಲ್ಲಿ ಯಾರೂ ಅವಳಿಗೆ ಒಂದು ವಿಷಯವನ್ನು ಅಷ್ಟು ಹೊತ್ತು ಹೇಳಿರಲಿಲ್ಲ, ಮತ್ತೆ ಹೇಳು ನೋಡೋಣ ಎಂದು ಕೇಳದೆ. ಅದಕ್ಕೇ ಇರಬೇಕು, ಅವಳು ಕೇಳಿಯೇಬಿಟ್ಟಳು. "ಒಳಗಡೆ ನೀರು ಹೋಗಿದ್ರೆ?"

"ಅದು ಕಣ್ಣಿಗೆ ಕಾಣಲ್ಲ ಬೇಟಿ. ಹೊರಗಿಂದ ಎಲ್ಲಾ ಸರೀನೇ ಇರ್ತದೆ. ಮದ್ದು ಬದುಕಿದ್ಯೋ ಸತ್ತಿದ್ಯೋ ಹೊಡೆದ ಮೇಲೇ ಗೊತ್ತಾಗೋದು." ಅಷ್ಟರಲ್ಲಿ ಅಪ್ಪ ಬಂದ. ಸಾಬರು ತೋಟಾವನ್ನು ಪಟ್ಟಿಗೆ ಸಿಕ್ಕಿಸಿ, ಬಂದೂಕಿನ ಸ್ಪ್ರಿಂಗ್ ಬಗ್ಗೆ ಮಾತಾಡಿದರು. ಬೇರೇನೂ ಹೇಳಲಿಲ್ಲ.

ಹೇಳಿದ್ದರೆ ಚೆನ್ನಾಗಿತ್ತೇನೋ. ಆ ಮಾತು ಅವರ ಬಾಯಿಂದ ಬಂದಿದ್ದರೆ ತಾನು ಹೇಳುವುದು ಉಳಿಯುತ್ತಿತ್ತು. ಅವಳ ಮಾತು ಹೀಗೆ ಒಳಗೇ ಉಳಿಯುತ್ತ ಬಂದದ್ದು ಒಂಬತ್ತನೇ ತರಗತಿಯಿಂದ. ಪಾಠವನ್ನು ಎದ್ದುನಿಂತು ಗಟ್ಟಿಯಾಗಿ ಓದಬೇಕಿತ್ತು. ಅಕ್ಷರಗಳು ಕಾಣುತ್ತಿದ್ದವು, ಅರ್ಥವಾಗುತ್ತಿದ್ದವು, ದನಿ ಮಾತ್ರ ಬರಲಿಲ್ಲ. ಮೇಷ್ಟ್ರು ಬೈಯಲೂ ಇಲ್ಲ, ಕೈಕಟ್ಟಿ ಕಾದರು. ತರಗತಿ ಇಡೀ ಕಾಯಿತು. ಯಾರೋ ಹಿಂದಿನ ಬೆಂಚಿನಿಂದ, ಪದ್ಮಶ್ರೀ ಕೊಟ್ಟಿದ್ದು ಹೆಚ್ಚಾಯ್ತು ಸರ್, ವಾಪಸ್ ತಗೊಳ್ಳಿ ಎಂದ. ಮೇಷ್ಟ್ರ ತುಟಿಯೂ ಸ್ವಲ್ಪ ಅಲುಗಿತು. ಮರುದಿನ ಅವಳು ಹೋಗಲಿಲ್ಲ. ಅಮ್ಮ ಅತ್ತಳು, ಸೋದರತ್ತೆ ಮುನಿಕೃಷ್ಣಮ್ಮ ಬಂದು ದೃಷ್ಟಿ ತೆಗೆದಳು. ಅಪ್ಪ ಮಾತ್ರ, ಇರ್ಲಿ ಬುಡು ಎಂದ. ಆ ಮಳೆಗಾಲವೆಲ್ಲ ಅವಳು ನಡುಮನೆಯ ಪರದೆಯ ಹಿಂದೆಯೇ ಇದ್ದಳು. ಹಿತ್ತಿಲಿಗೆ ಬಂದರೆ ಪಕ್ಕದ ಮನೆಯ ಮಹಡಿಯಿಂದ ಕಾಣುತ್ತದೆಂದು ಬಟ್ಟೆ ಒಣಹಾಕಲೂ ಬರುತ್ತಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಅಪ್ಪ ಪರದೆ ಸರಿಸಿ ಪಟ್ಟಿಯನ್ನು ಅವಳ ಮಡಿಲಿಗೆ ಹಾಕಿದ. "ಇದನ್ನ ಒಸಿ ಉಜ್ಜಿ ಕೊಡು ಮಗ, ನಂಗೆ ಟೈಮಿಲ್ಲ. ಕಪ್ಪಿಡ್ದೈತೆ." ಪರದೆಯ ಹಿಂದೆ ಬೆಳಕು ಸಾಲದು. ಅವಳು ಹುಣಸೆಹಣ್ಣು, ಬೂದಿ ತೆಗೆದುಕೊಂಡು ಒಗೆಯುವ ಕಲ್ಲಿನ ಹತ್ತಿರ ಬಂದು ಕುಳಿತಳು. ಎಷ್ಟು ಹೊತ್ತಾಯಿತೆಂದು ಗೊತ್ತಾಗಲಿಲ್ಲ. ಉಜ್ಜಿ ತೊಳೆದು ಸಾಲಾಗಿ ಇಟ್ಟಾಗ ಅಪ್ಪ ಬಂದು, ನೋಡೇ ಮುನಿಯಲ್ಲಿ, ಬಂಗಾರ ಮಾಡ್ಬುಟ್ಟೈತೆ ಮಗ ಎಂದ. ಮಹಡಿಯ ಮೇಲೆ ಯಾರೋ ನಿಂತಿದ್ದರು. ನಿಂತಿದ್ದರು, ಅಷ್ಟೇ. ಅಲ್ಲಿಂದ ಆ ಕೆಲಸ ಅವಳದೇ ಆಯಿತು, ಆ ಕಲ್ಲೂ.

ಕಲ್ಲುಗಣಿ ತಲುಪಿದಾಗ ಗಾರ್ಡುಗಳೆಲ್ಲ ಬೇವಿನ ಮರದ ಕೆಳಗೆ ಸೇರಿದ್ದರು. ಮೂರು ಕಡೆ ಕಲ್ಲಿನ ಗೋಡೆ, ಎದುರಿಗೆ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಕಾಗದದ ಗುರಿಗಳು. ಸೂಪರ್‌ವೈಸರ್ ರಘುನಾಥ್ ಕುರ್ಚಿ ಹಾಕಿಕೊಂಡು ಹೆಸರು ಕೂಗುತ್ತಿದ್ದ. ಅವನ ಪಕ್ಕದ ಮೇಜಿನ ಮೇಲೆ ತಾಜುದ್ದೀನ್ ಸಾಬರು ಪ್ರತಿಯೊಬ್ಬನ ತೋಟಾಗಳನ್ನು ಸುರಿದುಕೊಂಡು ನೋಡುತ್ತಿದ್ದರು. ಎಲ್ಲರವೂ ಕಂದು, ಕಪ್ಪು, ಮಂಕು. ಅವು ಮೇಜಿನ ಮೇಲೆ ಹುರಿದ ಕಡಲೆಯ ಹಾಗೆ ಕಾಣುತ್ತಿದ್ದವು. ಅಪ್ಪ ಪಟ್ಟಿಯನ್ನು ತೆಗೆದು ಇಟ್ಟಾಗ ಬಿಸಿಲು ಅದರಿಂದ ಎದ್ದು ಬೇವಿನ ಎಲೆಗಳ ಅಡಿಗೆ ಹೊಡೆಯಿತು.

"ಏನ್ ಬ್ಯಾಟಣ್ಣಾ," ಎಂದ ಮುನೇಶ್ ಎನ್ನುವ ಗಾರ್ಡು, ಯಲಹಂಕದ ಎಟಿಎಮ್ಮಿನವನು. "ಗುಂಡ್ ಹೊಡೆಯೋಕ್ ಬಂದ್ರಾ, ಮಗಳ ಮದ್ವೆಗೆ ಒಡವೆ ತೋರ್ಸೋಕ್ ಬಂದ್ರಾ?"

"ನಿಂದು ನೋಡ್ಕೊ ಮೊದ್ಲು. ಒಲೆಯೊಳಗಿಂದ ತಂದಂಗೈತೆ."

"ನಮ್ದು ಕರೀದಾದ್ರೂ ಕೆಲ್ಸ ಮಾಡುತ್ತೆ ಗುರು."

"ನಮ್ ಮಗ ಉಜ್ಜಿರೋದು ಕಣಯ್ಯ," ಎಂದ ಅಪ್ಪ. ಎಲ್ಲರಿಗೂ ಕೇಳುವ ಹಾಗೆ. "ನಿನ್ನ ಮನೇಲಿ ಅಂಗೆ ಉಜ್ಜೋರ್ ಯಾರವ್ರೆ?"

ಎಲ್ಲರೂ ತಿರುಗಿ ನೋಡಿದರು. ಅವಳು ಸ್ಕೂಟರಿನ ಸೀಟಿನ ಮೇಲೆ ಕೈಯಿಟ್ಟು ನಿಂತಿದ್ದಳು. ಸೀಟು ಕಾದಿತ್ತು, ಕೈ ತೆಗೆಯಲಿಲ್ಲ. ಸಾಬರು ಖಾಲಿ ಕಿಂಡಿಗಳನ್ನು ನೋಡಿದರು, ಕನ್ನಡಕದ ಮೇಲಿನಿಂದ ಒಂದು ಸಲ ಅವಳನ್ನು ನೋಡಿದರು. ಉಳಿದವುಗಳನ್ನು ತಾವೂ ಒಂದೊಂದಾಗಿ ತಿರುಗಿಸಿದರು. ಯಾವುದನ್ನೂ ಹೊರಗೆ ಹಾಕಲಿಲ್ಲ. ಕಣ್ಣಿಗೆ ಕಾಣುವಷ್ಟನ್ನು ತಾನು ಕಂಡಿದ್ದೇನೆ ಎಂದು ಅವಳಿಗೆ ಅರ್ಥವಾಯಿತು. ಆ ಬಿಸಿಲಲ್ಲಿ, ಆ ಗಂಡಸರ ನಡುವೆ, ಒಂದು ಗಳಿಗೆ ಅವಳಿಗೆ ಸಂತೋಷವೇ ಆಯಿತು. ಅದರ ಬೆನ್ನಿಗೇ, ಕಣ್ಣಿಗೆ ಕಾಣದ್ದು ಪಟ್ಟಿಯಲ್ಲಿ ಹಾಗೆಯೇ ಕೂತಿದೆ ಎಂಬುದು ನೆನಪಾಯಿತು.

ಅಪ್ಪ ಮರಳಿನ ಚೀಲದ ಹಿಂದೆ ಮಲಗಿದ. ಮಲಗುವಾಗ ಮೊಣಕಾಲು ಲಟಕ್ಕೆಂದಿತು, ಮುನೇಶ್ ಏನೋ ಹೇಳಿದ, ಯಾರೋ ನಕ್ಕರು. ಸಾಬರು ಎಲ್ಲರಿಗೂ ಕಿವಿಗೆ ಹತ್ತಿ ಕೊಟ್ಟರು. ಮೊದಲನೆಯದು ಹಾರಿತು. ಸದ್ದು ಕಲ್ಲಿನ ಗೋಡೆಗೆ ಬಡಿದು ಎರಡು ಸಲ ವಾಪಸ್ಸು ಬಂತು, ದಿಬ್ಬದಲ್ಲಿ ಧೂಳೆದ್ದಿತು. ಅವಳು ತಾನು ಉಸಿರು ಬಿಟ್ಟದ್ದನ್ನು ಗಮನಿಸಿದಳು. ಅಪ್ಪ ಬೋಲ್ಟ್ ಎಳೆದ, ಖಾಲಿ ಹಿತ್ತಾಳೆ ಚಿಮ್ಮಿ ಹುಲ್ಲಿಗೆ ಬಿತ್ತು. ಪಟ್ಟಿಯಿಂದ ಎರಡನೆಯದನ್ನು ಹಾಕಿದ. ಗುರಿ ಹಿಡಿದ. ಬೆರಳು ಹಿಂದಕ್ಕೆ ಬಂದದ್ದು ಅವಳಿಗೆ ಕಂಡಿತು. ಹತ್ತಿಯೊಳಗಿಂದ ಕೇಳಿಸಿದ್ದು ಚಿಲಕ ಹಾಕಿದಂಥ ಒಂದು ಸಣ್ಣ ಸದ್ದು, ಟಕ್.

"ಅಲುಗಾಡ್ಬೇಡಿ," ಎಂದರು ಸಾಬರು. "ಹಂಗೇ ಹಿಡ್ಕೊಂಡಿರಿ. ದಿಬ್ಬದ ಕಡೆಗೇ ಇರ್ಲಿ. ಬೋಲ್ಟ್ ಮುಟ್ಬೇಡಿ." ಕೆಲವು ಸಲ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ ಎಂದು ಅವರು ಅಂಗಡಿಯಲ್ಲಿ ಹೇಳಿದ್ದರು. ಆತುರಪಟ್ಟು ಬೋಲ್ಟ್ ತೆಗೆದರೆ ತೆಗೆದವನ ಮುಖದ ಮುಂದೆಯೇ ಸಿಡಿಯುತ್ತದೆ, ಅದಕ್ಕೇ ಕಾಯಬೇಕು. ಎಲ್ಲರೂ ಕಾಯುತ್ತಿದ್ದರು. ಕುರ್ಚಿಯ ಮೇಲೆ ರಘುನಾಥ್ ಪೆನ್ನು ಹಿಡಿದು ಕಾಯುತ್ತಿದ್ದ. ಅವಳಿಗೆ ಈ ಕಾಯುವಿಕೆ ಗೊತ್ತಿತ್ತು. ಎಲ್ಲರ ಕಣ್ಣು ಒಬ್ಬರ ಮೇಲೆ, ಬರಬೇಕಾದ ಸದ್ದು ಬರುತ್ತಿಲ್ಲ, ಗಾಳಿ ದಪ್ಪಗಾಗುತ್ತಿದೆ. ಅವತ್ತು ಬೆಂಚಿನ ಪಕ್ಕ ನಿಂತವಳು ಅವಳು, ಈಗ ಅಲ್ಲಿ ಅಪ್ಪ ಮಲಗಿದ್ದಾನೆ, ಅಲ್ಲಿ ಮಲಗಿಸಿದವಳು ತಾನೇ. ಅವನ ಕುತ್ತಿಗೆಯ ಹಿಂದೆ ಬೆವರಿನ ಹನಿಯೊಂದು ಕಾಲರಿನ ಕಡೆಗೆ ಇಳಿಯುತ್ತಿತ್ತು. ಅವನ ಕೆನ್ನೆ ಬಂದೂಕಿನ ಮರಕ್ಕೆ ಅಂಟಿಕೊಂಡೇ ಇತ್ತು. ಅಪ್ಪನ ಕಣ್ಣುಗಳ ಬಣ್ಣ ಯಾವುದು ಎಂದು ಥಟ್ಟನೆ ನೆನಪಾಗಲಿಲ್ಲ, ಅದಕ್ಕೆ ಗಾಬರಿಯಾಯಿತು. ಕಂದು. ಕಂದೇ ಇರಬೇಕು. ಕಲ್ಲಿನ ಗೋಡೆಯ ಮೇಲೆ ಪಾರಿವಾಳವೊಂದು ಬಂದು ಕೂತಿತು. ಹಿಂದಿನ ರಸ್ತೆಯಲ್ಲಿ ನೀರಿನ ಟ್ಯಾಂಕರು ಹಾರನ್ ಹಾಕಿತು.

"ಸಾಕು," ಎಂದು ಸಾಬರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾವೇ ಬೋಲ್ಟ್ ತೆಗೆದರು. ತೋಟಾ ಅವರ ಅಂಗೈಗೆ ಬಂತು. ತಳವನ್ನು ಬೆಳಕಿಗೆ ಹಿಡಿದರು. ನಡುವಿನ ಪುಟ್ಟ ಬಟ್ಟಲಿನಲ್ಲಿ ಗುಳಿ ಬಿದ್ದಿತ್ತು.

"ಆಗ್ಲಿಲ್ವಾ ಸಾಬ್ರೇ?" ಎಂದ ರಘುನಾಥ್. "ಅನ್‌ಫಿಟ್ ಹಾಕ್ಲಾ?"

"ತಡೀರಿ ಸಾರ್. ಗುಳಿ ನೋಡಿ ಎಷ್ಟು ಆಳ ಇದೆ. ಬಂದೂಕ ತನ್ನ ಕೆಲಸ ಮಾಡಿದೆ. ಹತ್ಲಿಲ್ಲ ಅಂದ್ರೆ ತೋಟಾದ್ದು ತಪ್ಪು. ಗುಳಿ ಮೇಲ್ಮೇಲೆ ಇದ್ದಿದ್ರೆ ಬಂದೂಕದ್ದು ಅನ್ಬಹುದಿತ್ತು."

"ಸರಿ, ಅದೇನೋ ನಂಗೊತ್ತಿಲ್ಲ. ನಂಗೆ ಮೂರು ಹಾರ್ಬೇಕು. ಇನ್ನೊಂದು ಇದೇ ಥರ ಆದ್ರೆ ಬರೆದ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ ಬ್ಯಾಟರಾಯಪ್ಪ."

"ಬೇಜಾರೇನ್ ಬಂತು ಸಾರ್," ಎಂದ ಅಪ್ಪ ಮಲಗಿದ್ದಲ್ಲಿಂದಲೇ.

ಅವನ ಕೈ ಪಟ್ಟಿಯ ಕಡೆಗೆ ಹೋಯಿತು. ಬೆರಳುಗಳು ಹೊಳೆಯುವ ಸಾಲಿನ ಮೇಲೆ ಒಂದು ಸಲ ಹರಿದವು, ಬೆಳಿಗ್ಗೆ ಹರಿದ ಹಾಗೆಯೇ. ಆಮೇಲೆ ಅವನು ಒಂದು ಬದಿಗೆ ವಾಲಿ, ಎದೆಯ ಜೇಬಿನ ಗುಂಡಿ ಬಿಚ್ಚಿ, ಒಳಗಿಂದ ಪ್ಲಾಸ್ಟಿಕ್ ಸುತ್ತಿದ ಪುಟ್ಟ ಪೊಟ್ಟಣವೊಂದನ್ನು ತೆಗೆದ. ಹಲ್ಲಿನಿಂದ ರಬ್ಬರ್ ಬ್ಯಾಂಡ್ ಎಳೆದ. ಅದರಿಂದ ಹೊರಗೆ ಬಂದ ಎರಡು ತೋಟಾಗಳು ಹಳೆಯ ಬೆಲ್ಲದ ಬಣ್ಣದವು. ಅವನ್ನು ಯಾರೂ ಉಜ್ಜಿರಲಿಲ್ಲ. ನೀರು, ಹುಳಿ, ಬೂದಿ, ಕುಂಕುಮ ಯಾವುದೂ ಅವುಗಳ ಹತ್ತಿರ ಹೋಗಿರಲಿಲ್ಲ. ಅವನು ಒಂದನ್ನು ಬಂದೂಕಿಗೆ ಹಾಕಿ, ಹೊಡೆದ. ಧೂಳೆದ್ದಿತು. ಇನ್ನೊಂದನ್ನು ಹಾಕಿ ಹೊಡೆದ. ಕಲ್ಲಿನ ಗೋಡೆಯಿಂದ ಪಾರಿವಾಳ ಎದ್ದು ಹೋಯಿತು. "ಫಿಟ್," ಎಂದು ರಘುನಾಥ್ ಮುಂದಿನ ಹೆಸರು ಕೂಗಿದ.

ಅವಳು ಸ್ಕೂಟರಿನ ಹತ್ತಿರ ನಿಂತೇ ಇದ್ದಳು. ಆ ಬಣ್ಣವನ್ನು ಅವಳು ಗುರುತಿಸಿದ್ದಳು, ಅದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು. ದಿನಾ ಬೆಳಿಗ್ಗೆ ಇಸ್ತ್ರಿ ಮಾಡುವಾಗ ಆ ಜೇಬಿನ ಮೇಲೆ ತಾನೇ ಪೆಟ್ಟಿಗೆ ಎಳೆದಿದ್ದೇನೆ. ಆಗ ಅದು ಖಾಲಿ ಇರುತ್ತಿತ್ತು. ಬಟ್ಟೆ ಹಾಕಿಕೊಂಡ ಮೇಲೆ ಅವನು ಹಾಕಿಕೊಳ್ಳುತ್ತಿದ್ದ. ಎಲ್ಲಿಂದ ತೆಗೆದು? ಟ್ರಂಕಿನಿಂದಲೋ, ದೇವರ ಗೂಡಿನ ಹಿಂದಿನಿಂದಲೋ. ಗಾರ್ಡುಗಳು ಮರದ ಕೆಳಗೆ ಇಡ್ಲಿಯ ಪೊಟ್ಟಣ ಬಿಚ್ಚುತ್ತಿದ್ದರು. ಕಿವಿಯ ಹತ್ತಿ ತೆಗೆದಾಗ, ಮೇಜಿನ ಹತ್ತಿರ ಅಪ್ಪ, ಸಾಬರು ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತು. ಅವಳಿಗೆ ಕೇಳುವುದಿಲ್ಲ ಎಂದುಕೊಂಡಿದ್ದರು. ಜನ ಅವಳ ಬಗ್ಗೆ ಯಾವಾಗಲೂ ಹಾಗೆಯೇ ಅಂದುಕೊಳ್ಳುತ್ತಾರೆ.

"ಗೊತ್ತಿತ್ತಾ ನಿಮಗೆ?" ಎಂದು ಸಾಬರು ಕೇಳುತ್ತಿದ್ದರು.

"ಗೊತ್ತಿಲ್ದೆ ಏನ್ ಸಾಬ್ರೇ. ಪಲ್ಟನ್ನಲ್ಲಿ ತೋಟಾಗೆ ಹುಣಸೆಹಣ್ಣು ಹಚ್ಚಿದ್ರೆ ಅವಲ್ದಾರ್ ನನ್ನನ್ನೇ ಉಜ್ಜಾಕ್ಬಿಡ್ತಿದ್ದ."

"ಮತ್ತೆ? ಒಂದು ಮಾತು ಹೇಳೋದಲ್ವಾ ಆ ಹುಡುಗೀಗೆ?"

ಅಪ್ಪ ಪಟ್ಟಿಯನ್ನು ಮಡಚುತ್ತಿದ್ದ. "ಆಚೆಗೇ ಬರ್ತಿರ್ಲಿಲ್ಲ ಸಾಬ್ರೇ ಅದು. ಇದನ್ನ ಕೊಟ್ಟೆ, ಬಿಸಿಲಿಗ್ ಬಂದು ಕೂತ್ಕಂತು." ಮಡಚಿದ ಪಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಬ್ಯಾಂಕಿಗೆ ಅಂತ ಬೇರೆ ಎರಡು ಇಟ್ಟಿದ್ನಲ್ಲ. ಎರಡಕ್ಕಿಂತ ಜಾಸ್ತಿ ಕಳ್ರು ನಮ್ ಬ್ರ್ಯಾಂಚಿಗೆ ಬರಲ್ಲ ಬುಡಿ," ಎಂದ. ಸಾಬರು ನಗುತ್ತ ಉಳಿದ ತೋಟಾಗಳನ್ನೆಲ್ಲ ಒಂದು ಡಬ್ಬಕ್ಕೆ ಸುರಿದುಕೊಂಡರು. ಅವು ಬೀಳುವ ಸದ್ದು ಚೆನ್ನಾಗಿತ್ತು, ಅಮ್ಮ ಅಕ್ಕಿ ಅಳೆಯುವಾಗ ಪಾವಿಗೆ ಬೀಳುವಂಥ ಸದ್ದು. ಇವನ್ನು ನಾನು ವಿಲೇವಾರಿ ಮಾಡಿಸ್ತೀನಿ, ಹೊಸದು ಬಂದ ಮೇಲೆ ಚರ್ಮದ ಪಟ್ಟೀಲಿ ಇಡ್ಬೇಡಿ ಎಂದರು. ಆಮೇಲೆ ಅವಳ ಕಡೆ ತಿರುಗಿ ದನಿ ಎತ್ತಿದರು. "ಬೇಟಿ, ಆ ಮೂರು ಇವೆಯಲ್ಲ, ನಾಳೆ ನಾಡಿದ್ದು ಅಂಗಡಿ ಹತ್ರ ತಂದುಕೊಡು. ಅದರಲ್ಲಿ ಯಾವುದಕ್ಕೆ ಏನಾಗಿದೆ ಅಂತ ನೀನೇ ಹೇಳ್ಬೇಕು. ನಾನು ಹೇಳಲ್ಲ." ಅವಳು ಹೂಂ ಅಂದಳು. ಗಟ್ಟಿಯಾಗಿಯೇ ಬಂತು ಅದು. ಇಡ್ಲಿ ತಿನ್ನುತ್ತಿದ್ದ ಮುನೇಶ್ ತಲೆಯೆತ್ತಿ ನೋಡುವಷ್ಟು.

ವಾಪಸ್ಸು ಬರುವಾಗ ಬಿಸಿಲು ಏರಿತ್ತು. ಅಪ್ಪನ ಬೆನ್ನಿನ ಇಸ್ತ್ರಿ ಮುರಿದು, ಮೊಣಕೈಗಳಿಗೆ ಕೆಂಪು ಮಣ್ಣು ಹತ್ತಿತ್ತು. ಖಾಲಿ ಪಟ್ಟಿ ಅವಳ ಮಡಿಲಲ್ಲಿತ್ತು, ಹಗುರವಾಗಿ. ಅವಳಿಗೆ ಬಹಳ ಹಿತವಾಗಿತ್ತು. ಎಲ್ಲವೂ ಸರಿಹೋಗಿದೆ. ಅಪ್ಪ ಸೋಮವಾರ ಹೊಸ ತೋಟಾಗಳೊಂದಿಗೆ ಬ್ಯಾಂಕಿನ ಬಾಗಿಲಿಗೆ ಹೋಗುತ್ತಾನೆ, ಮುದುಕಿಯರು ಧೈರ್ಯ ಎನ್ನುತ್ತಾರೆ, ಅವರು ಅನ್ನುವುದು ನಿಜ, ಯಾವಾಗಲೂ ನಿಜವೇ ಆಗಿತ್ತು. ಅವಳು ಹೆದರಿದ್ದು ಯಾವುದೂ ಆಗಿರಲಿಲ್ಲ. ಎಷ್ಟೋ ವರ್ಷ ಮೊದಲೇ ಅವನು ಅದಕ್ಕೆಲ್ಲ ಒಂದು ಜೇಬು ಮಾಡಿಟ್ಟಿದ್ದ. ಆದರೂ ಈ ಹಿತದ ನಡುವೆ ಚಪ್ಪಲಿಯೊಳಗಿನ ಮರಳಿನ ಹಾಗೆ ಸಣ್ಣದೊಂದು ಒತ್ತುತ್ತಿತ್ತು. ಪ್ರತಿ ವರ್ಷ ಪೂಜೆಯ ಹಿಂದಿನ ದಿನ ಅವನು ಪಟ್ಟಿಯನ್ನು ತಂದುಕೊಟ್ಟದ್ದು, ಹಾಳಾಗುತ್ತವೆ ಎಂದು ಗೊತ್ತಿದ್ದೇ. ಅವಳು ಹಾಳು ಮಾಡುವುದನ್ನು ನಿಂತು ನೋಡಿ, ಬಂಗಾರ ಎಂದದ್ದು. ಇವತ್ತು ಎಲ್ಲರ ಮುಂದೆ ನಮ್ಮ ಮಗ ಉಜ್ಜಿದ್ದು ಎಂದು, ಅದರಲ್ಲೇ ಎರಡನ್ನು ಹೊಡೆದು ನೋಡಿದ್ದು. ಶಾಲೆ ಬಿಟ್ಟ ದಿನವೂ ಬೈಯಲಿಲ್ಲ. ನೋಡಲು ಬಂದ ಗಂಡಿನ ಮುಂದೆ ಅವಳು ತುಟಿ ಬಿಚ್ಚದೆ ಕೂತು, ಬಂದವರು ಮೂಗಿಯಾ ಎಂದು ಕೇಳಿ ಎದ್ದು ಹೋದ ದಿನವೂ ಬೈಯಲಿಲ್ಲ. ಬೈದಿದ್ದರೆ ಆ ತಪ್ಪು ಅಲ್ಲಿಗೆ ಮುಗಿದು ತನ್ನದಾಗಿರುತ್ತಿತ್ತು, ತಾನು ಅದನ್ನು ಎತ್ತಿ ತಿರುಗಿಸಿ ಬಿಸಿಲಿಗೆ ಹಿಡಿದು ನೋಡಬಹುದಿತ್ತು. ಅವನು ಪ್ರತಿಯೊಂದನ್ನೂ ಮೆಲ್ಲಗೆ ತನ್ನ ಕಡೆಗೆ ಸರಿಸಿಕೊಂಡುಬಿಡುತ್ತಿದ್ದ.

ರೈಲ್ವೆ ಗೇಟು ಹಾಕಿತ್ತು. ಅಪ್ಪ ಎಂಜಿನ್ ಆರಿಸಿ, ಒಂದು ಕಾಲು ನೆಲಕ್ಕಿಟ್ಟ. ಮುಂದೆ ಒಂದು ಆಟೋ, ಹೂವಿನ ಬುಟ್ಟಿ ಕಟ್ಟಿದ ಬೈಕು. ರೈಲು ಇನ್ನೂ ಕಾಣುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಅವಳು ಅವನ ಹೆಗಲಿಗೆ ಅಂಟಿದ್ದ ಒಣ ಹುಲ್ಲಿನ ಎಸಳನ್ನು ತೆಗೆದಳು.

"ಅಪ್ಪಾ."

"ಊಂ."

"ಒಂದ್ಸಲ ನಂಗೆ ಬೈದ್ಬಿಡು."

ಬ್ಯಾಟರಾಯಪ್ಪ ಹಳಿಯ ಕಡೆಗೇ ನೋಡುತ್ತ ಕೈಯನ್ನು ಹಿಂದಕ್ಕೆ ಚಾಚಿದ. ಅವನ ಬೆರಳುಗಳು ಅವಳ ಮಡಿಲಿನ ಪಟ್ಟಿಯ ಖಾಲಿ ಕಿಂಡಿಗಳ ಮೇಲೆ ಹರಿದು, ಈ ಸಲ ಅಲ್ಲಿ ನಿಂತವು.